ಇಲ್ಲದ ಭಾಗಗಳ ಪಟ್ಟಿ

ಹಳೆಯ ಯಂತ್ರಗಳನ್ನು ಕೊಳ್ಳುವವರಲ್ಲಿ ಎರಡು ಬಗೆಯವರುಂಟು. ಅಗ್ಗವಾಗಿ ಸಿಕ್ಕಿತೆಂದು ಕೊಳ್ಳುವವರು ಮೊದಲನೆಯವರು; ವರ್ಷ ತುಂಬುವುದರೊಳಗಾಗಿ ಇವರ ಲೆಕ್ಕ ತಲೆಕೆಳಗಾಗುತ್ತದೆ. ಲೆಕ್ಕವನ್ನೇ ಹಾಕದೆ ಕೊಳ್ಳುವವರು ಎರಡನೆಯವರು; ತಲೆಕೆಳಗಾಗಲು ಇವರ ಬಳಿ ಲೆಕ್ಕವೇ ಇರುವುದಿಲ್ಲ. ಅಮೆರಿಕದ ಒಹಾಯೋ ಸಂಸ್ಥಾನದಲ್ಲಿ ಬಹುಕಾಲ ಎಂಜಿನಿಯರಾಗಿ ದುಡಿದು ನಿವೃತ್ತರಾದ, ದಾವಣಗೆರೆಯ ಕಡೆಯ ಗೃಹಸ್ಥರೊಬ್ಬರು ತಮ್ಮನ್ನು ಮೊದಲನೆಯ ವರ್ಗದವರೆಂದು ನಂಬಿದ್ದರು. ಅವರ ಪತ್ನಿ ಅವರನ್ನು ಎರಡನೆಯ ವರ್ಗಕ್ಕೆ ಸೇರಿಸಿ ಬಹಳ ವರ್ಷಗಳಾಗಿದ್ದವು.

ಅವರು ಕೊಂಡದ್ದು ಒಂದು ತೋಟದ ಟ್ರಾಕ್ಟರು. ಇದು ಹೊಲ ಉಳುವ ದೊಡ್ಡ ಟ್ರಾಕ್ಟರೂ ಅಲ್ಲ, ಹುಲ್ಲು ಕತ್ತರಿಸುವ ಬರಿಯ ಯಂತ್ರವೂ ಅಲ್ಲ. ಎರಡರ ನಡುವಣ ಜಾತಿ. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದ ನಗರಗಳ ಹೊರವಲಯದಲ್ಲಿ ವಿಶಾಲವಾದ ಅಂಗಳಗಳುಳ್ಳ ಮನೆಗಳು ಎದ್ದವು. ಆ ಅಂಗಳಗಳಲ್ಲಿ ಹುಲ್ಲು ಕತ್ತರಿಸಬೇಕು, ಕಾಯಿಪಲ್ಯದ ಪಾತಿ ಉಳಬೇಕು, ಚಳಿಗಾಲದಲ್ಲಿ ಹಿಮ ತಳ್ಳಬೇಕು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆ 1947ರಿಂದಲೇ ಸಣ್ಣ ಹಿಡುವಳಿದಾರರಿಗಾಗಿ ‘ಫಾರ್ಮಾಲ್ ಕಬ್’ ಎಂಬ ಟ್ರಾಕ್ಟರನ್ನು ಮಾರುತ್ತಿತ್ತು. ಕಬ್ ಎಂದರೆ ಮರಿ. 1961ರಲ್ಲಿ ಆ ಮರಿಗೂ ಒಬ್ಬ ತಮ್ಮ ಹುಟ್ಟಿದ. ಹಳದಿ ಬಿಳಿ ಬಣ್ಣದ ಅವನ ಹೆಸರು ‘ಕಬ್ ಕೆಡೆಟ್’, ಜನ್ಮಸ್ಥಳ ಕೆಂಟಕಿ ಸಂಸ್ಥಾನದ ಲೂಯಿವಿಲ್. ನಮ್ಮ ಗೃಹಸ್ಥರಿಗೆ ಸಿಕ್ಕಿದ್ದು ಆ ಮನೆತನದ 122ನೆಯ ಮಾದರಿ: 1960ರ ದಶಕದ ಮಧ್ಯಭಾಗದ್ದು, 12 ಅಶ್ವಶಕ್ತಿಯದು.

ಅದರ ಮೂತಿಯ ಮೇಲಿನ ‘ಐ.ಎಚ್.’ ಎಂಬ ಎರಡಕ್ಷರವೇ ಅವರನ್ನು ಹಿಡಿದು ನಿಲ್ಲಿಸಿತು. 1963ರಲ್ಲಿ ಇದೇ ಸಂಸ್ಥೆ ಮಹೀಂದ್ರ ಮತ್ತು ವೋಲ್ಟಾಸ್ ಸಂಸ್ಥೆಗಳೊಡನೆ ಕೂಡಿ ಭಾರತದಲ್ಲಿ ಟ್ರಾಕ್ಟರು ತಯಾರಿಸುವ ಉದ್ಯಮವನ್ನು ಆರಂಭಿಸಿತ್ತು. ಆ ಕಾರ್ಖಾನೆಯ ಬಿ-275 ಟ್ರಾಕ್ಟರೊಂದು ಅವರ ಊರಿಗೆ ಬಂದಾಗ ಹಿಂದೆ ಓಡಿದ ಹುಡುಗರ ಗುಂಪಿನಲ್ಲಿ ಅವರೂ ಒಬ್ಬರು. ಅಂದು ಮುಟ್ಟಲು ಬಿಡದ ಗಾಡಿಯ ತಮ್ಮನನ್ನು ಇಂದು ಇನ್ನೂರು ಡಾಲರಿಗೆ ಮನೆಗೆ ತರಬಹುದೆಂದರೆ ಯಾರ ಮನಸ್ಸು ತಡೆದೀತು?

ಕೊಳ್ಳುವ ಮುನ್ನ ಪರೀಕ್ಷಿಸುವ ಕ್ರಮವೊಂದಿದೆ. ಅದನ್ನು ಅವರು ಬಿಡಲಿಲ್ಲ. ಈ ಯಂತ್ರದ ಬೆಲೆಯೆಲ್ಲ ಹಿಂಭಾಗದ ಗೇರ್ ಬಾಕ್ಸಿನಲ್ಲಿದೆ. 122ರಲ್ಲಿ ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ಒಂದಂಕಿ ಹೆಚ್ಚಿನ 123ರಲ್ಲಿ ಗೇರು ಹಾಕುವ ತೊಡಕಿಲ್ಲ. ಎಣ್ಣೆಯ ಒತ್ತಡದಿಂದಲೇ ಚಕ್ರ ತಿರುಗುತ್ತದೆ, ಸನ್ನೆಯೊಂದನ್ನು ಸರಿಸಿದರೆ ವೇಗ ಏರಿ ಇಳಿಯುತ್ತದೆ. ಹುಲ್ಲು ಕತ್ತರಿಸುವವರಿಗೆ ಅದು ಸುಖ. ಗೇರಿನ ಗಾಡಿಯಲ್ಲಾದರೋ ಕ್ಲಚ್ಚು ತುಳಿದು, ಗಾಡಿಯನ್ನು ನಿಲ್ಲಿಸಿ, ಅನಂತರವೇ ಗೇರು ಬದಲಾಯಿಸಬೇಕು. ಆದರೆ ಅದರ ಉಕ್ಕಿನ ಹಲ್ಲುಗಳು ಎಣ್ಣೆಯಲ್ಲಿ ಮುಳುಗಿರುವವರೆಗೆ ದಶಕಗಟ್ಟಲೆ ಬಾಳುತ್ತವೆ. ಅದರ ಶತ್ರು ನೀರು. ಗೇರು ಸನ್ನೆಯ ಬುಡದ ರಬ್ಬರು ಹರಿದರೆ ಮಳೆಯ ನೀರು ಒಳಕ್ಕಿಳಿಯುತ್ತದೆ. ಒಹಾಯೋದ ಚಳಿಗೆ ಅದು ಹೆಪ್ಪುಗಟ್ಟಿ ಉಬ್ಬಿ ಬೀಡುಕಬ್ಬಿಣದ ಪೆಟ್ಟಿಗೆಯನ್ನೇ ಸೀಳುತ್ತದೆ. ಅವರು ಕೆಳಗಿನ ಬಿರಡೆ ಬಿಚ್ಚಿ ನೋಡಿದರು. ಬಂದ ಎಣ್ಣೆ ಕಪ್ಪಾಗಿತ್ತು, ಹಾಲು ಬೆರೆಸಿದ ಕಾಫಿಯಂತಿರಲಿಲ್ಲ. ಪೆಟ್ಟಿಗೆಯಲ್ಲಿ ಬಿರುಕಿರಲಿಲ್ಲ. ಅಷ್ಟು ಸಾಕೆಂದು ಹಣ ಕೊಟ್ಟರು.

ಇರುವುದನ್ನು ನೋಡಿದ್ದಾಗಿತ್ತು, ಇಲ್ಲದ್ದನ್ನು ನೋಡಿದ್ದು ಮನೆಗೆ ತಂದಮೇಲೆ. ಕಾರ್ಬ್ಯುರೇಟರ್ ಇರಲಿಲ್ಲ. ಎಂಜಿನ್ನನ್ನು ಚಾಲೂ ಮಾಡುವ, ಚಾಲೂ ಆದಮೇಲೆ ತಾನೇ ವಿದ್ಯುತ್ತು ತಯಾರಿಸಿ ಬ್ಯಾಟರಿ ತುಂಬುವ ಜೋಡಿ ಯಂತ್ರವೊಂದು ಇದರ ಪಕ್ಕದಲ್ಲಿರಬೇಕು. ಅದೂ ಇರಲಿಲ್ಲ, ಅದನ್ನು ಹೊರುವ ಕಬ್ಬಿಣದ ಪಟ್ಟಿಯೂ ಇರಲಿಲ್ಲ. ಸೀಟಿಲ್ಲ, ಮುಂದಿನ ಜಾಲರಿಯಿಲ್ಲ. ಎಂಜಿನ್ನಿನಿಂದ ಗೇರ್ ಬಾಕ್ಸಿಗೆ ಹೋಗುವ ಷಾಫ್ಟಿನಲ್ಲಿ ಸುರುಳಿ ಪಿನ್ನಿರಬೇಕಾದ ಕಡೆ ಯಾರೋ ಪುಣ್ಯಾತ್ಮರು ಮರಕ್ಕೆ ಹೊಡೆಯುವ ಮೊಳೆಯನ್ನು ಬಡಿದಿದ್ದರು. ಪಟ್ಟಿ ಒಂದು ಹಾಳೆ ತುಂಬಿತು.

“ರೀ, ಇದ್ದ ಭಾಗಗಳ ಪಟ್ಟಿ ಬರೆದಿದ್ದರೆ ಕಾಗದ ಉಳಿಯುತ್ತಿತ್ತು” ಎಂದರು ಪತ್ನಿ.

ಇಂಥ ಯಂತ್ರಗಳಿಗೆ ಭಾಗ ಸಿಗುವುದೇ ಇಲ್ಲವೆಂದಲ್ಲ. 1981ರಲ್ಲಿ ಕಬ್ ಕೆಡೆಟ್ ಎಂ.ಟಿ.ಡಿ. ಸಂಸ್ಥೆಯ ಕೈಸೇರಿದರೂ ಹಳೆಯ ಗಾಡಿಗಳ ಅಭಿಮಾನಿಗಳು ಉಳಿದುಕೊಂಡರು. ಪಿನ್ನು, ಕ್ಲಚ್ಚಿನ ಬಿಲ್ಲೆ ಮೊದಲಾದವನ್ನು ಹೊಸದಾಗಿ ಮಾಡಿ ಮಾರುವವರಿದ್ದಾರೆ. ಹಳೆಯ ಟ್ರಾಕ್ಟರುಗಳ ಜಾತ್ರೆಯೊಂದರಲ್ಲಿ ಕಾರ್ಬ್ಯುರೇಟರ್ ದೊರೆಯಿತು. ಹಿಡಿದುಕೊಂಡಿದ್ದ ಎಂಜಿನ್ನು ಪ್ಲಗ್ಗಿನ ರಂಧ್ರದಲ್ಲಿ ಎಣ್ಣೆ ಸುರಿದು ಕಾದ ಹತ್ತನೆಯ ದಿನ ಕೈಗೆ ತಿರುಗಿತು. ಆದರೆ ಆ ಕಬ್ಬಿಣದ ಪಟ್ಟಿ ಎಲ್ಲಿಯೂ ಸಿಗಲಿಲ್ಲ. ಎಲ್ಲರೂ ಹೇಳಿದ ಉಪಾಯ ಒಂದೇ: ಇನ್ನೊಂದು ಹಳೆಯ ಗಾಡಿಯನ್ನು ಕೊಂಡು ಬಿಚ್ಚಿಬಿಡಿ.

ಹಳೆಯ ಯಂತ್ರಗಳ ಲೋಕದಲ್ಲಿ ಇದು ದಿನನಿತ್ಯದ ವ್ಯವಹಾರ. ಒಂದನ್ನು ಬದುಕಿಸಲು ಇನ್ನೊಂದನ್ನು ಬಲಿ ಕೊಡುವುದು. ಅರ್ಧ ಸತ್ತದ್ದನ್ನು ಬಿಚ್ಚಿದರೆ ತಪ್ಪೇನೂ ಇಲ್ಲ. ಅರ್ಧ ಸತ್ತಿದೆಯೆಂದು ನಿರ್ಧರಿಸುವವರಾರು ಎಂಬುದೇ ಪ್ರಶ್ನೆ.

ಪಕ್ಕದ ಊರಿನಲ್ಲಿ ವೃದ್ಧೆಯೊಬ್ಬರ ಬಳಿ ಇನ್ನೊಂದು 122 ಇದೆಯೆಂದು ತಿಳಿದು ಅವರು ಹೋದರು. ಆಕೆಯ ಪತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು; ಗಾಡಿ ಅಂದಿನಿಂದ ಕದಲಿರಲಿಲ್ಲ. “ಕೆಟ್ಟುಹೋಗಿದೆಯಂತೆ. ಗುಜರಿಯವನು ಐವತ್ತು ಕೊಡುತ್ತೇನೆಂದಿದ್ದಾನೆ. ನೀವು ಅಷ್ಟೇ ಕೊಡಿ, ಒಯ್ದು ಬಿಚ್ಚಿಕೊಳ್ಳಿ” ಎಂದರು ಆಕೆ.

ಅದರಲ್ಲಿ ಎಲ್ಲವೂ ಇದ್ದವು. ಪಟ್ಟಿ, ಜಾಲರಿ, ಸೀಟು ಎಲ್ಲವೂ. ಎಣ್ಣೆ ಜೇನಿನಂತೆ ತಿಳಿಯಾಗಿತ್ತು. ಅವರು ಕೈಯಿಂದ ಎಂಜಿನ್ನನ್ನು ತಿರುಗಿಸಿದರು; ಸಲೀಸಾಗಿ ತಿರುಗಿತು. ಐವತ್ತು ಡಾಲರು ಕೊಟ್ಟು ಸುಮ್ಮನೆ ಬಂದಿದ್ದರೆ ಯಾರೂ ಅವರನ್ನು ಆಕ್ಷೇಪಿಸುತ್ತಿರಲಿಲ್ಲ. ಆಕೆಗೆ ತಿಳಿಯುತ್ತಲೂ ಇರಲಿಲ್ಲ. ಜೇಬಿನಲ್ಲಿದ್ದ ಹಣವನ್ನು ಅವರು ಒಂದೆರಡು ಸಲ ಮುಟ್ಟಿ ನೋಡಿಕೊಂಡದ್ದೂ ನಿಜ. ಕೊನೆಗೆ ಹೊರತೆಗೆದದ್ದು ಹಣವನ್ನಲ್ಲ, ಫೀಲರ್ ಗೇಜನ್ನು. ಎಂಜಿನ್ನಿಗೆ ಕಿಡಿ ಒದಗಿಸುವ ಪಾಯಿಂಟುಗಳು ನಾಲ್ಕು ವರ್ಷದ ತೇವಕ್ಕೆ ಮಸುಕಾಗಿದ್ದವು. ಅವನ್ನು ಉಜ್ಜಿ, ನಡುವಣ ಅಂತರವನ್ನು ಅಂಗುಲದ ಸಾವಿರದಲ್ಲಿ 20 ಭಾಗಕ್ಕೆ ಹೊಂದಿಸಿ, ಹಳೆಯ ಪೆಟ್ರೋಲನ್ನು ಚೆಲ್ಲಿ ಹೊಸದನ್ನು ತುಂಬಿ, ತಮ್ಮ ಕಾರಿನ ಬ್ಯಾಟರಿಯನ್ನು ಜೋಡಿಸಿದರು. ನಾಲ್ಕನೆಯ ಯತ್ನಕ್ಕೆ ಗಾಡಿ ಕೆಮ್ಮಿ, ಹೊಗೆಯುಗುಳಿ, ಗುಡುಗುಡು ಎಂದು ನಡೆಯತೊಡಗಿತು.

ವೃದ್ಧೆ ಹೊಸ್ತಿಲಿನಿಂದ ಇಳಿದು ಬಂದು ಅದರ ನೆತ್ತಿಯ ಮೇಲೆ ಕೈಯಿಟ್ಟು ನಿಂತರು. ಬಹಳ ಹೊತ್ತು ಮಾತನಾಡಲಿಲ್ಲ.

“ಇದು ಗುಜರಿಯಲ್ಲ, ತಾಯಿ. ಕೆಲವು ನೂರು ಡಾಲರಿಗೆ ಕಡಿಮೆ ಯಾರಿಗೂ ಕೊಡಬೇಡಿ” ಎಂದರು ಇವರು. ಆಕೆ ಯಾರಿಗೂ ಕೊಡುವುದಿಲ್ಲವೆಂದರು. ಮೊಮ್ಮಗನಿಗೆ ಹದಿನಾರಾಗಿದೆ, ಅವನು ಕಲಿಯಲಿ ಎಂದರು. ಇವರು ಬೇಡಿದ್ದು ಒಂದೇ: ಆ ಕಬ್ಬಿಣದ ಪಟ್ಟಿಯನ್ನು ಬಿಚ್ಚಿ, ರಟ್ಟಿನ ಮೇಲಿಟ್ಟು ಸುತ್ತ ಗೆರೆಯೆಳೆದುಕೊಂಡು, ಮತ್ತೆ ಮೊದಲಿನಂತೆ ಜೋಡಿಸಲು ಅಪ್ಪಣೆ.

“ಭಾಗ ತರುತ್ತೇನೆಂದು ಹೋದಿರಿ, ರಟ್ಟು ತಂದಿರಿ” ಎಂದರು ಪತ್ನಿ.

“ರಟ್ಟೂ ಒಂದು ಭಾಗವೇ ಕಣೇ” ಎಂದರು ಪತಿ. ಆದರೆ ಅಲ್ಲಿ ನಡೆದುದನ್ನೆಲ್ಲ ಕೇಳಿದಮೇಲೆ ಆಕೆ ಆ ರಟ್ಟನ್ನು ನೆನೆಯದ ಕಡೆ ತಾವೇ ಎತ್ತಿಟ್ಟರು.

ವೆಲ್ಡಿಂಗ್ ಮಾಡುವವನೊಬ್ಬನು ಆ ಗೆರೆಯ ಪ್ರಕಾರ ಉಕ್ಕನ್ನು ಕತ್ತರಿಸಿ ಬಗ್ಗಿಸಿ ಕೊಟ್ಟನು. ಎರಡು ಸಲ ತಪ್ಪಿತು, ಮೂರನೆಯದು ಕೂತಿತು. ಉಳಿದ ಭಾಗಗಳನ್ನು ಹುಡುಕುವುದರಲ್ಲಿ ಇನ್ನೊಂದು ಚಳಿಗಾಲ ಕಳೆಯಿತು. ಖರ್ಚಾದ ಹಣದಲ್ಲಿ ನಡೆಯುವ ಗಾಡಿಯನ್ನೇ ಕೊಳ್ಳಬಹುದಾಗಿತ್ತೆಂಬುದನ್ನು ಮನೆಯಲ್ಲಿ ಇಬ್ಬರೂ ಒಪ್ಪುತ್ತಾರೆ. ಈಗ ಅದು ಹಿತ್ತಲನ್ನು ಉಳುತ್ತದೆ; ಅಲ್ಲಿ ಬದನೆ, ಮೆಣಸಿನಕಾಯಿ, ಮೆಂತ್ಯದ ಸೊಪ್ಪು ಬೆಳೆಯುತ್ತವೆ. ಮುಂದಿನ ಜಾಲರಿಯೊಂದು ಮಾತ್ರ ಇನ್ನೂ ಸಿಕ್ಕಿಲ್ಲ. ಗಾಡಿ ಮುಂದಿನ ಹಲ್ಲುದುರಿದ ಮುದುಕನಂತೆ ಕಾಣುತ್ತದೆಂದು ನೆರೆಯವರು ನಗುತ್ತಾರೆ. ಅದನ್ನುಳಿದು ಪಟ್ಟಿಯಲ್ಲಿ ಎಲ್ಲವನ್ನೂ ಹೊಡೆದುಹಾಕಿಯಾಗಿದೆ; ಆ ಒಂದಕ್ಕಾಗಿ ಯಾವ ಗಾಡಿಯನ್ನೂ ಬಿಚ್ಚುವ ಅವಸರ ಅವರಿಗಿಲ್ಲ.