ಗೇಟು ತೆಗೆಯೋನು ನಾನು, ಬಿಡೋನು ನಾನಲ್ಲ

ಅಪ್ಪ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರ ಗೇಟಿನಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಅವರು ಮರೆತುಹೋದ ಊಟದ ಡಬ್ಬಿ ಹಿಡಿದು ಕೋನಪ್ಪನ ಅಗ್ರಹಾರದ ಮನೆಯಿಂದ ನಡೆದುಕೊಂಡು ಹೋದೆ. ಜೋರು ಮಳೆ. ಗೇಟಿನಿಂದ ಹತ್ತು ಹೆಜ್ಜೆ ಒಳಗೆ ಶೆಡ್ಡಿತ್ತು. ಅಪ್ಪ ಡಬ್ಬಿ ಈಸಿಕೊಂಡು, "ಆ ಮರದ ಕೆಳಗೆ ನಿಂತ್ಕೊಳ್ಳಮ್ಮ" ಅಂದರು. ರಾತ್ರಿ ನಾನು ಮುನಿಸಿಕೊಂಡು ಕೂತಾಗ ಹೇಳಿದರು: "ಗೇಟು ತೆಗೆಯೋನು ನಾನು. ಯಾರನ್ನ ಬಿಡಬೇಕು ಅನ್ನೋನು ನಾನಲ್ಲ. ಒಳಗಿಂದ ಫೋನ್ ಬರಬೇಕು."

ಈಗ ನಾನು ಸಣ್ಣ ಕಾರ್ಖಾನೆಗಳ ನೆಟ್‌ವರ್ಕ್ ಭದ್ರತೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಗೈಡ್ ಮೊದಲು ಓದಲು ಹೇಳಿದ್ದು 2001ರಲ್ಲಿ ಐಇಇಇ ಹೊರತಂದ 802.1ಎಕ್ಸ್ ಎಂಬ ಮಾನದಂಡವನ್ನು. ಓದುತ್ತಾ ಹೋದರೆ, ಅಲ್ಲಿದ್ದದ್ದು ಅಪ್ಪನ ಮಾತೇ.

ಕಚೇರಿಯ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ. ಅದರ ಒಂದೊಂದು ಕಿಂಡಿಯೂ ಒಂದು ಪೋರ್ಟ್. ಸಾಮಾನ್ಯವಾಗಿ ಯಾರು ಕೇಬಲ್ ಸಿಕ್ಕಿಸಿದರೂ ಒಳಗೆ ಬಂದಂತೆಯೇ. ಈ ಪದ್ಧತಿಯಲ್ಲಿ ಹಾಗಲ್ಲ. ಕೇಬಲ್ ಸಿಕ್ಕಿಸಿದ ಯಂತ್ರವನ್ನು ಸಪ್ಲಿಕೆಂಟ್, ಅಂದರೆ ಬೇಡಿಕೊಳ್ಳುವವನು, ಎಂದು ಕರೆಯುತ್ತಾರೆ. ಸ್ವಿಚ್ "ನೀನ್ಯಾರು?" ಎಂದು ಕೇಳುತ್ತದೆ. ಗುರುತಿನ ಮಾತನ್ನು ಬಿಟ್ಟು ಬೇರೇನೂ ಆಗ ದಾಟುವಂತಿಲ್ಲ. ಬಂದ ಉತ್ತರವನ್ನು ಸ್ವಿಚ್ ಒಳಗಿರುವ ರೇಡಿಯಸ್ ಸರ್ವರ್‌ಗೆ ಮುಟ್ಟಿಸುತ್ತದೆ. ಪಾಸ್‌ವರ್ಡೋ ಸರ್ಟಿಫಿಕೇಟೋ ನೋಡಿ ತೀರ್ಮಾನ ಮಾಡುವುದು ಸರ್ವರ್. ಅದು ಹೂಂ ಅಂದರೆ ಮಾತ್ರ ಪೋರ್ಟ್ ತೆರೆಯುತ್ತದೆ.

2025ರ ನವೆಂಬರಿನಲ್ಲಿ ಪೀಣ್ಯದ ಒಂದು ವರ್ಕ್‌ಶಾಪಿನವರು ಇದನ್ನು ಪ್ರಯೋಗ ಮಾಡಲು ಒಪ್ಪಿದರು. ಶನಿವಾರ ಸಂಜೆ ಎಲ್ಲ ಪೋರ್ಟುಗಳಿಗೂ ಕಾವಲು ಹಾಕಿ ಹೆಮ್ಮೆಯಿಂದ ಮನೆಗೆ ಬಂದೆ. ಸೋಮವಾರ ಬೆಳಿಗ್ಗೆಯೇ ಫೋನು: ಹಳೆಯ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಇಳಿಯುತ್ತಿಲ್ಲ. ಹಳದಿ ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಪೀಣ್ಯ ತಲುಪುವಷ್ಟರಲ್ಲಿ ಹೊತ್ತು ಏರಿತ್ತು.

ಯಂತ್ರ ಕೆಟ್ಟಿರಲಿಲ್ಲ. ಸ್ವಿಚ್ ಕೇಳುವ ಪ್ರಶ್ನೆಯ ಭಾಷೆಯೇ ಅದಕ್ಕೆ ಬರುತ್ತಿರಲಿಲ್ಲ. ಸುಳ್ಳು ಉತ್ತರ ಕೊಟ್ಟವನೂ ಉತ್ತರಿಸಲು ಬಾರದವನೂ ಇಬ್ಬರೂ ಹೊರಗೇ. ಅದನ್ನು ನಡೆಸುತ್ತಿದ್ದವರು ಅಪ್ಪನ ವಯಸ್ಸಿನವರು, ಪೀಸ್ ರೇಟಿನ ಮೇಲೆ ಕೂಲಿ. "ಮೇಡಂ, ಇದು ನನ್ ಜೊತೆ ಹದಿನಾರು ವರ್ಷದಿಂದ ಐತೆ. ಕಳ್ಳ ಅಲ್ಲ" ಅಂದರು. ನನಗೆ ತಲೆಯೆತ್ತಲಾಗಲಿಲ್ಲ.

ಇಂಥ ಮೂಕ ಯಂತ್ರಗಳಿಗೆ ಒಂದು ದಾರಿಯಿದೆ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಮ್ಯಾಕ್ ವಿಳಾಸ ಎಂಬ ಸಂಖ್ಯೆಯಿರುತ್ತದೆ. ಅದನ್ನು ಸರ್ವರಿನ ಪಟ್ಟಿಗೆ ಸೇರಿಸಿದರೆ ಅಷ್ಟರ ಮೇಲೆಯೇ ಒಳಗೆ ಬಿಡುತ್ತದೆ. ಆದರೆ ಆ ಸಂಖ್ಯೆಯನ್ನು ಬೇರೆ ಯಾವ ಲ್ಯಾಪ್‌ಟಾಪ್ ಬೇಕಾದರೂ ತನ್ನದೆಂದು ಹೇಳಿಕೊಳ್ಳಬಹುದು. ಅದಕ್ಕೇ ಆ ಯಂತ್ರವನ್ನು ಬೇರೆ ವಿಎಲ್ಯಾನ್‌ನಲ್ಲಿ ಇಟ್ಟೆ. ಅಲ್ಲಿಂದ ಪ್ರೋಗ್ರಾಂ ಇರುವ ಕಂಪ್ಯೂಟರೊಂದೇ ಸಿಗುತ್ತದೆ. ಲೆಕ್ಕಪತ್ರದ ಕಂಪ್ಯೂಟರ್ ಸಿಗುವುದಿಲ್ಲ. ಮಧ್ಯಾಹ್ನ ಯಂತ್ರ ಓಡಿತು. ಅವರ ಅರ್ಧ ದಿನದ ಕೂಲಿ ನಾನೇ ಕೊಡುತ್ತೇನೆಂದರೆ ಒಪ್ಪಲಿಲ್ಲ. "ಟೀ ಕುಡಿಸಿ ಸಾಕು" ಅಂದರು.

ರಾತ್ರಿ ಅಪ್ಪನಿಗೆ ಎಲ್ಲ ಹೇಳಿದೆ. ರಿಟೈರ್ ಆಗಿ ಎರಡು ವರ್ಷವಾದರೂ ಕೆಲಸದ ಮಾತು ಬಂದರೆ ಅವರು ನೆಟ್ಟಗೆ ಕೂರುತ್ತಾರೆ.

"ಒಳಗೆ ಯಾರ್ಯಾರು ಇದಾರೆ ಅಂತ ಬರ್ಕೊಳ್ದೆ ಗೇಟ್ ಹಾಕಿದ್ಯಾ? ನಮ್ಮಲ್ಲಿ ಹೊಸ ರೂಲ್ ಬಂದ್ರೆ ಮೊದಲನೇ ವಾರ ಯಾರನ್ನೂ ತಡೀತಿರ್ಲಿಲ್ಲ. ರಿಜಿಸ್ಟರಲ್ಲಿ ಬರ್ಕೊಳ್ತಿದ್ವಿ, ಅಷ್ಟೇ."

ಸ್ವಿಚ್ಚಿನಲ್ಲೂ ಆ ಸೌಲಭ್ಯವಿದೆ. ಮಾನಿಟರ್ ಮೋಡ್ ಎನ್ನುತ್ತಾರೆ: ಪ್ರಶ್ನೆ ಕೇಳುತ್ತದೆ, ಉತ್ತರ ಬಂತೋ ಇಲ್ಲವೋ ಬರೆದಿಟ್ಟುಕೊಳ್ಳುತ್ತದೆ, ಯಾರನ್ನೂ ತಡೆಯುವುದಿಲ್ಲ. ಅದನ್ನು ಓದಿದ್ದೆ, ಒಂದು ವಾರ ದಂಡವೆಂದು ಬಿಟ್ಟುಬಿಟ್ಟಿದ್ದೆ. ಮುಂದಿನ ವರ್ಕ್‌ಶಾಪಿಗೆ ಹೋದಾಗ ಮೊದಲ ವಾರ ಬರೀ ಬರೆದುಕೊಂಡೆ. ಉತ್ತರಿಸಲು ಬಾರದವು ಹನ್ನೊಂದು ಸಿಕ್ಕವು.