ತಾಳೆಯಾಗದ ಮೊತ್ತದ ಬೆನ್ನು ಹತ್ತಿ

‘ರಿಪೋರ್ಟಿನ ಟೋಟಲ್ ತಾಳೆ ಆಗ್ತಾ ಇಲ್ಲ’ ಎಂದು ಯಾರಾದರೂ ಫೋನ್ ಮಾಡಿದರೆ ನನಗೆ ಹುರುಪು ಬರುತ್ತದೆ. ಹೊಸ ರಿಪೋರ್ಟ್ ಕಟ್ಟುವ ಕೆಲಸವನ್ನು ಯಾರು ಬೇಕಾದರೂ ಮಾಡಲಿ. ತಪ್ಪು ಮೊತ್ತ ತೋರಿಸುವ ರಿಪೋರ್ಟನ್ನು ಬಿಚ್ಚಿ, ಆ ಹೆಚ್ಚುವರಿ ರೂಪಾಯಿಗಳು ಎಲ್ಲಿಂದ ನುಸುಳಿದವು ಎಂದು ಹುಡುಕುವ ಕೆಲಸ ಮಾತ್ರ ನನಗಿರಲಿ. ಹಾಲಿನ ಸೊಸೈಟಿ, ಶಾಲೆ, ಗೊಬ್ಬರದ ಅಂಗಡಿ, ನರ್ಸಿಂಗ್ ಹೋಮ್, ಎಲ್ಲೆಲ್ಲಿ ಡೇಟಾಬೇಸ್ ಇದೆಯೋ ಅಲ್ಲೆಲ್ಲ ತಿಂಗಳ ಕೊನೆಗೊಂದು ರಿಪೋರ್ಟ್ ಇರುತ್ತದೆ, ಅದರ ಅಡಿಯಲ್ಲೊಂದು ಗ್ರ್ಯಾಂಡ್ ಟೋಟಲ್ ಇರುತ್ತದೆ. ಮೇಲಿನ ಸಾಲುಗಳನ್ನು ಓದುವವರು ಕಡಿಮೆ. ಎಲ್ಲರ ಕಣ್ಣೂ ನೇರ ಆ ಕೊನೆಯ ಸಾಲಿಗೇ ಹೋಗುತ್ತದೆ.

ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ವ್ಯತ್ಯಾಸ ಎಷ್ಟು? ಇದನ್ನು ಕಲಿತದ್ದು ಕಂಪ್ಯೂಟರ್ ಮುಟ್ಟದ ಹಳೆಯ ತಲೆಮಾರಿನ ಲೆಕ್ಕಿಗರಿಂದ. ಜಮಾ ಖರ್ಚು ತಾಳೆಯಾಗದಿದ್ದರೆ ಅವರು ಗಾಬರಿಯಿಂದ ಪುಸ್ತಕವನ್ನೆಲ್ಲ ತಿರುವಿ ಹಾಕುತ್ತಿರಲಿಲ್ಲ. ವ್ಯತ್ಯಾಸವನ್ನು ಒಂದು ಚೀಟಿಯ ಮೇಲೆ ಬರೆದುಕೊಂಡು 9ರಿಂದ ಭಾಗಿಸುತ್ತಿದ್ದರು. ಶೇಷ ಉಳಿಯದಿದ್ದರೆ ಎಲ್ಲೋ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿವೆ ಎಂಬ ಅನುಮಾನ. 5,400 ಬರೆಯುವಲ್ಲಿ 4,500 ಬರೆದರೆ ವ್ಯತ್ಯಾಸ 900 ತಾನೆ? ಆಮೇಲೆ 2ರಿಂದ ಭಾಗಿಸಿ, ಅಷ್ಟು ಮೊತ್ತದ ನಮೂದೇನಾದರೂ ಖರ್ಚಿನ ಬದಲು ಜಮಾ ಕಡೆ ಕೂತಿದೆಯೇ ಎಂದು ನೋಡುತ್ತಿದ್ದರು. ಡೇಟಾಬೇಸ್ ತಾನಾಗಿ ಅಂಕಿಗಳನ್ನು ಅದಲುಬದಲು ಮಾಡುವುದಿಲ್ಲ. ಆದರೆ ರಿಪೋರ್ಟಿನ ತಪ್ಪುಗಳಿಗೂ ಒಂದೊಂದು ಚಹರೆ ಇದೆ, ಅದೂ ವ್ಯತ್ಯಾಸದಲ್ಲೇ ಕಾಣುತ್ತದೆ.

ಗೊಬ್ಬರದ ಅಂಗಡಿಯ ಮಾರಾಟದ ರಿಪೋರ್ಟನ್ನೇ ತೆಗೆದುಕೊಳ್ಳಿ. ಒಂದು ಬಿಲ್ಲು, ಅದಕ್ಕೆ 600 ರೂಪಾಯಿ ಸಾಗಣೆ. ಬಿಲ್ಲಿನೊಳಗೆ ಯೂರಿಯಾ, ಡಿಎಪಿ, ಪೊಟ್ಯಾಷ್ ಎಂದು ಮೂರು ಐಟಂ. ಬಿಲ್ಲಿನ ಟೇಬಲ್ಲಿಗೆ ಐಟಂಗಳ ಟೇಬಲ್ಲನ್ನು ಜಾಯಿನ್ ಮಾಡಿದ ಕೂಡಲೇ ಆ 600 ಮೂರು ಸಾಲಿನಲ್ಲೂ ಬಂದು ಕೂರುತ್ತದೆ, ಕೂಡಿದರೆ 1,800. ಒಂದೇ ಐಟಂ ಇರುವ ಬಿಲ್ಲುಗಳಲ್ಲಿ ಲೆಕ್ಕ ಸರಿಯಾಗಿಯೇ ಇರುವುದರಿಂದ ಇದು ಪರೀಕ್ಷಿಸಿದ ದಿನ ಸಿಕ್ಕಿಬೀಳುವುದಿಲ್ಲ, ಮುಂಗಾರಿನ ವ್ಯಾಪಾರ ಶುರುವಾದ ಮೇಲೆ ಸಿಕ್ಕಿಬೀಳುತ್ತದೆ. ಅವಸರದವರು, ಒಂದೇ ಅಂಕಿ ಮತ್ತೆ ಬಂದರೆ ಕೂಡಬೇಡ ಎಂದು, ಸಮ್ ಒಳಗೆ ಡಿಸ್ಟಿಂಕ್ಟ್ ಸೇರಿಸಿಬಿಡುತ್ತಾರೆ. ಮೊತ್ತ ಇಳಿಯುತ್ತದೆ, ಸಮಾಧಾನವೂ ಆಗುತ್ತದೆ. ಆದರೆ ಇಬ್ಬರು ಬೇರೆ ಬೇರೆ ರೈತರ ಬಿಲ್ಲಿಗೆ ತಲಾ 600 ಸಾಗಣೆ ಬಿದ್ದಿದ್ದರೆ ಡಿಸ್ಟಿಂಕ್ಟ್ ಎರಡನ್ನೂ ಒಂದೇ ಎಂದು ತಿಳಿದು 600 ಮಾತ್ರ ಕೊಡುತ್ತದೆ. ಇದು ಮೊದಲಿನ ತಪ್ಪಿಗಿಂತ ಕೆಟ್ಟದ್ದು. ಮೂರು ಪಟ್ಟಾದ ಮೊತ್ತವನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಸ್ವಲ್ಪವೇ ಕಡಿಮೆಯಾದ ಮೊತ್ತವನ್ನು ಎಲ್ಲರೂ ನಂಬುತ್ತಾರೆ. ಐಟಂಗಳನ್ನು ಮೊದಲು ಬಿಲ್ಲುವಾರು ಕೂಡಿಕೊಂಡು ಆಮೇಲೆ ಬಿಲ್ಲಿಗೆ ಜೋಡಿಸುವುದು ಸರಿಯಾದ ದಾರಿ.

ಮರೆಯಾದ ಸಾಲುಗಳ ಕಥೆ ಇನ್ನೂ ಸೊಗಸು. 1993ರಲ್ಲಿ ವಿಶುವಲ್ ಬೇಸಿಕ್ 3ರ ಜೊತೆಗೆ ಬಂದ ಕ್ರಿಸ್ಟಲ್ ರಿಪೋರ್ಟ್ಸ್ ನನ್ನ ಅಚ್ಚುಮೆಚ್ಚಿನ ಸಾಫ್ಟ್‌ವೇರ್. ಅದು ಡೇಟಾವನ್ನು ಎರಡು ಸುತ್ತಿನಲ್ಲಿ ಸಂಸ್ಕರಿಸುತ್ತದೆ. ಮೊದಲ ಸುತ್ತಿನಲ್ಲಿ ಸಾಲುಗಳನ್ನು ಓದಿ, ಗುಂಪು ಮಾಡಿ, ಉಪಮೊತ್ತಗಳನ್ನು ಕೂಡಿ ಇಟ್ಟುಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ಪುಟ ಜೋಡಿಸುತ್ತದೆ. ರದ್ದಾದ ಬಿಲ್ಲುಗಳು ಕಾಣದಿರಲಿ ಎಂದು ನಾವು ಸಪ್ರೆಸ್ ಮಾಡಿದರೆ ಆ ಸಾಲುಗಳು ಮರೆಯಾಗುವುದು ಎರಡನೆಯ ಸುತ್ತಿನಲ್ಲಿ. ಅಷ್ಟು ಹೊತ್ತಿಗೆ ಅವುಗಳ ಹಣ ಮೊತ್ತಕ್ಕೆ ಸೇರಿ ಆಗಿರುತ್ತದೆ. ಗುಮಾಸ್ತರು ಕ್ಯಾಲ್ಕುಲೇಟರ್ ಹಿಡಿದು ಕಾಗದದ ಮೇಲಿನ ಪ್ರತಿ ಸಾಲನ್ನೂ ಕೂಡುತ್ತಾರೆ, ಅವರ ಉತ್ತರವೂ ಸರಿ. ಯಂತ್ರ ತಾನು ಓದಿದ ಪ್ರತಿ ಸಾಲನ್ನೂ ಕೂಡಿದೆ, ಅದರ ಉತ್ತರವೂ ಸರಿ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ ಅಷ್ಟೆ. ರದ್ದಾದ ಬಿಲ್ಲುಗಳನ್ನು ಓದುವ ಹಂತದಲ್ಲೇ ಬಿಟ್ಟರೆ, ಇಲ್ಲವೇ ಷರತ್ತು ಹಾಕಿದ ರನ್ನಿಂಗ್ ಟೋಟಲ್ ಬಳಸಿದರೆ, ಎರಡೂ ಒಂದಾಗುತ್ತವೆ. ಆ ಗಳಿಗೆಯಲ್ಲಿ ಕ್ಯಾಲ್ಕುಲೇಟರಿನ ಅಂಕಿ, ಪರದೆಯ ಅಂಕಿ ಎರಡೂ ಪೈಸೆಯವರೆಗೆ ಹೊಂದಿಕೊಳ್ಳುವುದನ್ನು ನೋಡುವ ಸುಖವೇ ಬೇರೆ.

ಈ ಉಪಮೊತ್ತಗಳ ವಂಶ ದೊಡ್ಡದು. ಐಬಿಎಂ 1959ರಲ್ಲಿ ರಿಪೋರ್ಟ್ ಬರೆಯುವುದಕ್ಕೆಂದೇ ಆರ್‌ಪಿಜಿ ಎಂಬ ಭಾಷೆಯನ್ನು ತಂದಿತು. ಆ ಭಾಷೆಯಲ್ಲಿ ಗುಂಪು ಬದಲಾದಾಗ ಉಪಮೊತ್ತ ಮುದ್ರಿಸಲು ಎಲ್1ರಿಂದ ಎಲ್9ರವರೆಗೆ ಒಂಬತ್ತು ಹಂತಗಳಿದ್ದವು. ಹಳ್ಳಿ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಮೊತ್ತಗಳನ್ನು ಮೇಲೇರಿಸುತ್ತ ಹೋಗುವಾಗ ನಾವು ಇಂದಿಗೂ ಮಾಡುವುದು ಅದನ್ನೇ.

ಮೊತ್ತ ಹೀಗೆ ಮೇಲೇರುತ್ತದೆ, ಶೇಕಡಾವಾರು ಏರುವುದಿಲ್ಲ. ನನಗೆ ಅತಿ ಹೆಚ್ಚು ಕೆಲಸ ಕೊಟ್ಟಿರುವುದು ಈ ಒಂದು ಸಂಗತಿ. ಹಾಲಿನ ಡೈರಿಗೆ ಒಬ್ಬರು ಬೆಳಿಗ್ಗೆ 10 ಲೀಟರ್ ಹಾಕಿದರು, ಫ್ಯಾಟು 4.0. ಸಂಜೆ 5 ಲೀಟರ್, ಫ್ಯಾಟು 3.4. ಆ ದಿನದ ಸರಾಸರಿ ಎಷ್ಟು? ಫ್ಯಾಟಿನ ಕಾಲಂಗೆ ಆವರೇಜ್ ಹಾಕಿದ ರಿಪೋರ್ಟ್ 3.7 ಎನ್ನುತ್ತದೆ. ಹಾಲಿನ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿದರೆ 40ಕ್ಕೆ 17 ಕೂಡಿ, 57ನ್ನು 15ರಿಂದ ಭಾಗಿಸಬೇಕು. ಬರುವುದು 3.8. ದರ ನಿಲ್ಲುವುದು ಫ್ಯಾಟಿನ ಮೇಲೆ. ಪಾಯಿಂಟ್ ಒಂದು ತಪ್ಪಿದರೆ ಹಸು ಸಾಕಿದವರ ಕೈಗೆ ಬರುವ ದುಡ್ಡೇ ತಪ್ಪುತ್ತದೆ. ‘ನಮ್ಮ ಡೈರಿ ಫ್ಯಾಟು ಇಷ್ಟು ಕಮ್ಮಿ ಬರಲ್ಲ ಸಾರ್, ಒಂದ್ಸಲ ನೋಡಿ’ ಎಂದು ಸೆಕ್ರೆಟರಿ ಹೇಳಿದರೆ ನಾನು ಮೊದಲು ನೋಡುವುದು ಆ ಆವರೇಜನ್ನೇ. ವರ್ಷಗಟ್ಟಲೆ ಹಾಲು ಅಳೆದವರ ಅಂದಾಜನ್ನು ನಾನು ಫಾರ್ಮುಲಾಕ್ಕಿಂತ ಹೆಚ್ಚು ನಂಬುತ್ತೇನೆ.

ಶಾಲೆಯ ಫಲಿತಾಂಶದಲ್ಲಿ ಇದೇ ತಪ್ಪು ಇನ್ನಷ್ಟು ದೊಡ್ಡದಾಗುತ್ತದೆ. ಒಂದು ಶಾಲೆಯಲ್ಲಿ 20 ಮಕ್ಕಳಲ್ಲಿ 18 ಪಾಸ್, ಶೇ 90. ಇನ್ನೊಂದರಲ್ಲಿ 200 ಮಕ್ಕಳಲ್ಲಿ 120 ಪಾಸ್, ಶೇ 60. ಎರಡು ಶೇಕಡಾವಾರುಗಳ ಸರಾಸರಿ ತೆಗೆದರೆ 75. ನಿಜವಾಗಿ 220 ಮಕ್ಕಳಲ್ಲಿ ಪಾಸಾದವರು 138, ಅಂದರೆ ಶೇ 62.7. ನನ್ನ ನಿಯಮ ಕಟ್ಟುನಿಟ್ಟು: ಗುಂಪಿನ ಅಡಿಸಾಲಿನಲ್ಲಿ ಶೇಕಡಾವಾರನ್ನು ಕೂಡಲೂ ಬಾರದು, ಅದರ ಸರಾಸರಿಯನ್ನೂ ತೆಗೆಯಬಾರದು. ಪಾಸಾದವರ ಮೊತ್ತ, ಕುಳಿತವರ ಮೊತ್ತ ಎರಡನ್ನೂ ಆ ಹಂತಕ್ಕೆ ಹೊಸದಾಗಿ ತೆಗೆದು, ಹೊಸದಾಗಿ ಭಾಗಿಸಬೇಕು. ಗೈರುಹಾಜರಾದ ಮಗುವಿನ ಅಂಕ ಖಾಲಿ ಇದೆಯೋ ಸೊನ್ನೆ ಇದೆಯೋ ಎಂಬುದನ್ನೂ ನೋಡಬೇಕು. ಖಾಲಿಯನ್ನು ಡೇಟಾಬೇಸ್ ಸರಾಸರಿಯಿಂದ ಹೊರಗಿಡುತ್ತದೆ, ಸೊನ್ನೆಯನ್ನು ಸೇರಿಸಿಕೊಳ್ಳುತ್ತದೆ. ಯಾವುದು ಬೇಕೆಂದು ಹೆಡ್‌ಮಾಸ್ಟರು ಹೇಳಬೇಕು. ಅದು ರಿಪೋರ್ಟ್ ಬರೆಯುವವನ ತೀರ್ಮಾನವಲ್ಲ.

ಇನ್ನು ಪೂರ್ಣಾಂಕದ ತಕರಾರು. ಮೂರು ಸಮ ಪಾಲುಗಳನ್ನು 33.33 ಎಂದು ಮೂರು ಸಲ ಬರೆದರೆ ಕೂಡಿದಾಗ 99.99. ‘ನೂರು ಬರಲೇಬೇಕು’ ಎನ್ನುವವರಿಗಾಗಿ ಒಂದು ಹಳೆಯ ಉಪಾಯವಿದೆ: ಎಲ್ಲವನ್ನೂ ಕೆಳಕ್ಕೆ ಇಳಿಸಿ, ಯಾವ ಸಾಲಿನ ಭಿನ್ನಾಂಶ ದೊಡ್ಡದೋ ಅದರಿಂದ ಶುರುಮಾಡಿ ಉಳಿಕೆಯನ್ನು ಹಂಚುವುದು. ಅಮೆರಿಕದ ರಾಜ್ಯಗಳಿಗೆ ಸಂಸತ್ತಿನ ಸ್ಥಾನ ಹಂಚಲು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸೂಚಿಸಿದ ವಿಧಾನ ಇದು. 1792ರಲ್ಲಿ ಜಾರ್ಜ್ ವಾಷಿಂಗ್ಟನ್ ತಮ್ಮ ಮೊದಲ ವಿಟೊ ಚಲಾಯಿಸಿದ್ದು ಈ ಹಂಚಿಕೆಯ ಮಸೂದೆಯ ಮೇಲೆಯೇ. ಆದರೂ ಮುಂದೆ ಆ ದೇಶ ಇದೇ ವಿಧಾನವನ್ನು ಬಳಸಿತು. 1880ರ ಜನಗಣತಿಯ ಲೆಕ್ಕದಲ್ಲಿ ಒಂದು ವಿಚಿತ್ರ ಕಂಡಿತು: ಒಟ್ಟು 299 ಸ್ಥಾನವಿದ್ದರೆ ಅಲಬಾಮಾಕ್ಕೆ 8, ಒಟ್ಟು 300ಕ್ಕೆ ಏರಿಸಿದರೆ 7! ಹಾಗಾಗಿ ಶೇಕಡಾವಾರನ್ನು ತಿದ್ದಿ ನೂರಕ್ಕೆ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ‘ಪೂರ್ಣಾಂಕಗೊಳಿಸಿದ್ದರಿಂದ ಮೊತ್ತದಲ್ಲಿ ಸಣ್ಣ ವ್ಯತ್ಯಾಸವಿರಬಹುದು’ ಎಂಬ ಒಂದು ಸಾಲು ಕೆಳಗಿದ್ದರೆ ಸಾಕು, ಅದು ಪ್ರಾಮಾಣಿಕ. ಹಣದ ವಿಷಯ ಬೇರೆ. ಅಲ್ಲಿ ಕೊಟ್ಟ ದುಡ್ಡನ್ನೇ ಕೂಡಬೇಕು: ಪ್ರತಿ ಬಿಲ್ಲಿನಲ್ಲಿ ಪೈಸೆ ಬಿಟ್ಟು ರೂಪಾಯಿ ಪಡೆದಿದ್ದರೆ ಆ ರೂಪಾಯಿಗಳ ಮೊತ್ತವೇ ಮೊತ್ತ.

ರಿಪೋರ್ಟ್ ಬರೆಯುವ ಗೆಳೆಯರಲ್ಲಿ ಒಂದು ಕೇಳಿಕೆ. ಶೇಕಡಾವಾರಿನ ಕಾಲಂ ಹಾಕಿದಾಗಲೆಲ್ಲ ಅದರ ಪಕ್ಕದಲ್ಲಿ, ಯಾವ ಸಂಖ್ಯೆಯಿಂದ ಭಾಗಿಸಿದಿರೋ ಆ ಸಂಖ್ಯೆಯ ಕಾಲಂ ಕೂಡ ಮುದ್ರಿಸಿ. ಪುಟದ ಅಗಲ ಸಾಲದಿದ್ದರೆ ಕಾಗದವನ್ನು ಅಡ್ಡಲಾಗಿ ತಿರುಗಿಸಿಕೊಳ್ಳಿ. ಓದುವವರು ಕ್ಯಾಲ್ಕುಲೇಟರ್ ಹಿಡಿದು ನಿಮ್ಮ ಲೆಕ್ಕವನ್ನು ಪರೀಕ್ಷಿಸುವಂತಿರಬೇಕು.