ಗುಂಡಿನ ವೇಗವೂ ತೂಗುವ ಮರದ ದಿಮ್ಮಿಯೂ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಕೇಳಿದ: "ಮೇಷ್ಟ್ರೇ, ಇಲ್ಲಿ ನಮ್ಮ ನೆರೆಮನೆಯವರ ಬಳಿ ನೂರು ವರ್ಷ ಮೀರಿದ ಕೋಲ್ಟ್ ರಿವಾಲ್ವರ್ ಇದೆ. ಹೊಸ ಬಗೆಯ ತೋಟಾ ತಂದಾಗಲೆಲ್ಲ ಅದರ ವೇಗ ಅಳೆಯುತ್ತಾರೆ. ಗುಂಡು ಗುರಿ ಮುಟ್ಟಿದರೆ ಸಾಲದೆ? ವೇಗವೇಕೆ?" ಪ್ರಶ್ನೆ ಒಳ್ಳೆಯದು. ಉತ್ತರ ಎಲ್ಲರಿಗೂ ದೊರಕಲೆಂದು ಇಲ್ಲಿ ಬರೆಯುತ್ತಿದ್ದೇನೆ.

1873ರ ಆ ಕೋಲ್ಟ್ ಮಾದರಿ ರೂಪುಗೊಂಡದ್ದು ಕರಿಮದ್ದಿಗಾಗಿ. ಅದರ ಮೂಲ ತೋಟಾದಲ್ಲಿ ಸುಮಾರು 2.6 ಗ್ರಾಂ ಮದ್ದು, 16.5 ಗ್ರಾಂ ತೂಕದ ಸೀಸದ ಗುಂಡು ಇರುತ್ತಿದ್ದವು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದ. ಅದು ಅಷ್ಟೇ ತೂಕದ ಕರಿಮದ್ದಿಗಿಂತ ಬಹಳ ಬಲಶಾಲಿ. ಕೋಲ್ಟ್ ಕಂಪನಿಯು ಈ ಮಾದರಿಗೆ ಹೊಗೆರಹಿತ ಮದ್ದಿನ ಖಾತರಿ ಕೊಟ್ಟದ್ದು 1900ರಲ್ಲಿ. ಅದಕ್ಕೆ ಮುಂಚಿನದೂ ಅನಂತರದದೂ ನೋಡಲು ಒಂದೇ ತೆರನಾಗಿವೆ. ಹಳೆಯ ಲೋಹಕ್ಕೆ ಅತಿಯಾದ ಒತ್ತಡ ಬಿದ್ದರೆ ಸಿಲಿಂಡರ್ ಸಿಡಿದು ಹಿಡಿದವನ ಕೈಗೇ ಸಂಚಕಾರ.

ಹಾಗಾದರೆ ವೇಗವನ್ನು ಅಳೆಯುವುದು ಹೇಗೆ? ಮೊದಲು ದಾರಿ ತೋರಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ತೂಗಾಡುವ ಲೋಲಕವೊಂದನ್ನು ವರ್ಣಿಸಿದ. ಗುಂಡು ಲೋಲಕದ ಮರದೊಳಗೆ ಹುದುಗುತ್ತದೆ. ಲೋಲಕ ಹಿಂದಕ್ಕೆ ತೂಗುತ್ತದೆ. ಅದಕ್ಕೆ ಕಟ್ಟಿದ ಪಟ್ಟಿ ಎಷ್ಟು ಎಳೆದುಕೊಂಡಿತೆಂಬುದರಿಂದ ತೂಗಿದ ದೂರ ತಿಳಿಯುತ್ತದೆ.

ನಮ್ಮ ರಿವಾಲ್ವರಿನ ಗುಂಡನ್ನೇ 5 ಕಿಲೋಗ್ರಾಂ ತೂಕದ ದಿಮ್ಮಿಗೆ ಹೊಡೆದೆವೆನ್ನೋಣ. ದಿಮ್ಮಿ ಸುಮಾರು 3.4 ಸೆಂಟಿಮೀಟರ್ ಮೇಲೇರಿತು. ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಗುಂಡಿನ ಚಲನಶಕ್ತಿಯೆಲ್ಲ ದಿಮ್ಮಿಯನ್ನು ಎತ್ತಲು ಬಳಕೆಯಾಯಿತೆಂದು ಲೆಕ್ಕ ಹಾಕುತ್ತಾರೆ. ಆಗ ಬರುವ ಉತ್ತರ ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ ಸುಮಾರು 50 ಕಿಲೋಮೀಟರ್. ನಮ್ಮ ಸರ್ಕಾರಿ ಬಸ್ಸೇ ಆ ಗುಂಡನ್ನು ಹಿಂದಿಕ್ಕೀತು! ಗುಂಡು ಮರದೊಳಗೆ ನುಗ್ಗುವಾಗ ಚಲನಶಕ್ತಿಯ ಬಹುಪಾಲು ಶಾಖವಾಗಿಯೂ ಮರವನ್ನು ಸೀಳುವುದರಲ್ಲಿಯೂ ವ್ಯಯವಾಗುತ್ತದೆ. ಉಳಿಯುವುದು ಸಂವೇಗ. ಸಂವೇಗ ಸಂರಕ್ಷಣಾ ನಿಯಮವನ್ನು ಬಳಸಿದರೆ ಸೆಕೆಂಡಿಗೆ ಸುಮಾರು 250 ಮೀಟರ್ ಎಂಬ ಸರಿಯುತ್ತರ ದೊರೆಯುತ್ತದೆ.

ಇಂದು ಲೋಲಕ ಬೇಕಿಲ್ಲ. ಕ್ರೋನೋಗ್ರಾಫ್ ಎಂಬ ಉಪಕರಣದಲ್ಲಿ ಬೆಳಕನ್ನು ಗ್ರಹಿಸುವ ಎರಡು ಕಣ್ಣುಗಳಿರುತ್ತವೆ. ಅವುಗಳ ನಡುವೆ 60 ಸೆಂಟಿಮೀಟರ್ ಅಂತರವಿದ್ದರೆ ನಮ್ಮ ಗುಂಡು ಅದನ್ನು ದಾಟಲು ಒಂದು ಸೆಕೆಂಡಿನ ಸಾವಿರದಲ್ಲಿ 2.4 ಭಾಗ ಸಾಕು.

ಆದರೆ ಒಂದೇ ಅಳತೆಯನ್ನು ನಂಬಬಾರದು. ರಿವಾಲ್ವರಿನಲ್ಲಿ ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದಿಯಿದ್ದು, ಅಲ್ಲಿ ಅನಿಲ ಸೋರುತ್ತದೆ. ಕರಿಮದ್ದು ತುಂಬಲೆಂದು ಮಾಡಿದ ದೊಡ್ಡ ತೋಟಾದೊಳಗೆ ಸ್ವಲ್ಪವೇ ಹೊಗೆರಹಿತ ಮದ್ದು ಹಾಕಿದರೆ ಅದು ಒಮ್ಮೆ ಮುಂದೆ, ಒಮ್ಮೆ ಹಿಂದೆ ಸರಿದು ವೇಗ ಏರುಪೇರಾಗುತ್ತದೆ. ಆದ್ದರಿಂದ ಹಲವು ಸಲ ಅಳೆದು, ಸರಾಸರಿಯ ಜೊತೆಗೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗಗಳ ಅಂತರವನ್ನೂ ನೋಡಬೇಕು.

ಇನ್ನೂ ಒಂದು ಮಾತು ಮುಖ್ಯ. ವೇಗ ಬೇರೆ, ಒತ್ತಡ ಬೇರೆ. ವೇಗ ನಿರೀಕ್ಷೆಗಿಂತ ಹೆಚ್ಚಾಗಿದ್ದರೆ ಅದು ಎಚ್ಚರಿಕೆಯ ಗಂಟೆ. ಮಿತಿಯಲ್ಲಿದ್ದರೆ ಅದೇ ಅಭಯವಲ್ಲ. ಬೇಗನೆ ಉರಿಯುವ ಮದ್ದು ಅಷ್ಟೇ ವೇಗವನ್ನು ಹೆಚ್ಚಿನ ಒತ್ತಡದಿಂದ ಕೊಡಬಲ್ಲದು. ಹೀಗಾಗಿ ಹಳೆಯ ಆಯುಧವನ್ನು ಮೊದಲು ಬಲ್ಲ ಕುಶಲಕರ್ಮಿಗೆ ತೋರಿಸಬೇಕು. ಹೊಸ ತೋಟಾವನ್ನು ಅದೇ ಅಳತೆಯ ಗಟ್ಟಿಯಾದ ಹೊಸ ರಿವಾಲ್ವರಿನಲ್ಲಿ ಮೊದಲು ಅಳೆಯುವುದು ಕ್ಷೇಮ.

ಅಂದಹಾಗೆ, ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಕೆಲಸಕ್ಕಾಗಿ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ನಮ್ಮ ಪಠ್ಯಪುಸ್ತಕದ ಸಂವೇಗದ ಲೆಕ್ಕವನ್ನು ಅಂಕಗಳಿಗಾಗಿ ಬಾಯಿಪಾಠ ಮಾಡಿದವರು ಬಹಳ ಮಂದಿ. ಆ ಲೆಕ್ಕದ ಹಿಂದೆ ಇಂಥ ಮನುಷ್ಯನ ತಾಳ್ಮೆಯಿತ್ತು. ಅದು ಇಂದಿಗೂ ಯಾರದೋ ಬೆರಳುಗಳನ್ನು ಕಾಯುತ್ತಿದೆ. ಮೊಮ್ಮಕ್ಕಳಿಗೆ ಪಾಠ ಹೇಳಿಕೊಡುವಾಗ ಇದನ್ನೂ ಹೇಳಿ.